ಸರಾಸರಿ 10 ವ್ಯಾಟ್ ಅಂತ ಸುಮ್ನೆ ನಂಬಬೇಡಿ

ನಿಮ್ಮ ಪ್ರಶ್ನೆ ಇದು: ಮಾಸ್‌ಫೆಟ್ (ಕರೆಂಟ್ ನಿಯಂತ್ರಿಸುವ ಒಂದು ಬಗೆಯ ಟ್ರಾನ್ಸಿಸ್ಟರ್) ಮೇಲೆ 20 ವೋಲ್ಟ್ ಇರುವಾಗ 10 ಆಂಪಿಯರ್ ಹರಿಯುತ್ತದೆ. ಪಲ್ಸ್ 1 ಮಿಲಿಸೆಕೆಂಡ್, ಸೆಕೆಂಡಿಗೆ 50 ಸಲ. ಸರಾಸರಿ 10 ವ್ಯಾಟ್ ಮಾತ್ರ, ಡೇಟಾಶೀಟ್‌ನಲ್ಲಿ 83 ವ್ಯಾಟ್ ಇದೆ, ಸಾಕಲ್ವಾ?

ಸಾಲದು. ಆ 83 ವ್ಯಾಟ್ ಕೇಸ್, ಅಂದರೆ ಚಿಪ್‌ನ ಹೊರಕವಚ, 25 ಡಿಗ್ರಿಯಲ್ಲಿ ಇದ್ದರೆ ಮಾತ್ರ. ನಿಮ್ಮ ಕೇಸ್ 80 ಡಿಗ್ರಿ ಅಂದಿದ್ದೀರಿ. ಪಲ್ಸ್ ಇರುವಷ್ಟು ಹೊತ್ತು ಚಿಪ್ ತಿನ್ನುವುದು 10 ಅಲ್ಲ, 200 ವ್ಯಾಟ್. ಜಂಕ್ಷನ್ (ಚಿಪ್‌ನೊಳಗೆ ಬಿಸಿ ಹುಟ್ಟುವ ಜಾಗ) ಸಾಯುವುದು ಆ ಗರಿಷ್ಠ ಬಿಸಿಗೆ.

ಡೇಟಾಶೀಟ್‌ನಲ್ಲಿ ಟ್ರಾನ್ಸಿಯೆಂಟ್ ಥರ್ಮಲ್ ಇಂಪೀಡೆನ್ಸ್ ಗ್ರಾಫ್ ತೆಗೆಯಿರಿ, ಎಷ್ಟು ಹೊತ್ತಿನ ಪಲ್ಸ್‌ಗೆ ಜಂಕ್ಷನ್ ವ್ಯಾಟಿಗೆ ಎಷ್ಟು ಡಿಗ್ರಿ ಏರುತ್ತದೆ ಅಂತ ಅದು ತೋರಿಸುತ್ತದೆ. ನೀವು ಕೊಟ್ಟ ಅಂಕಿಗಳ ಪ್ರಕಾರ ಒಂಟಿ 1 ಮಿಲಿಸೆಕೆಂಡ್ ಪಲ್ಸ್‌ಗೆ ವ್ಯಾಟಿಗೆ 0.3 ಡಿಗ್ರಿ, ನಿರಂತರ ಪವರ್‌ಗೆ 1.5. ಡ್ಯೂಟಿ, ಅಂದರೆ ಒಟ್ಟು ಸಮಯದಲ್ಲಿ ಪಲ್ಸ್ ಇರುವ ಪಾಲು, 5 ಪರ್ಸೆಂಟ್. ಹಾಗಾಗಿ 0.05 × 1.5 ಮತ್ತು 0.95 × 0.3 ಕೂಡಿಸಿ: 0.36. ಇದನ್ನು 200ರಿಂದ ಗುಣಿಸಿದರೆ 72 ಡಿಗ್ರಿ. ಕೇಸ್‌ನ 80 ಸೇರಿ 152. ನಿಮ್ಮ ಜಂಕ್ಷನ್‌ನ ಮಿತಿ 150! ಸರಾಸರಿ ಲೆಕ್ಕ ಹಾಕಿದ್ದರೆ 95 ಬರುತ್ತಿತ್ತು, ನೆಮ್ಮದಿಯಾಗಿ ಬಿಟ್ಟುಬಿಡುತ್ತಿದ್ದಿರಿ. ಗ್ರಾಫ್‌ನಲ್ಲಿ 0.05 ಡ್ಯೂಟಿಯ ಗೆರೆ ಇದ್ದರೆ ನೇರವಾಗಿ ಅದನ್ನೇ ಓದಿ, ಇನ್ನೂ ಒಳ್ಳೆಯದು.

ಪಲ್ಸ್ ಅರ್ಧಕ್ಕೆ ಇಳಿಸಿ ಸೆಕೆಂಡಿಗೆ 100 ಸಲ ಕೊಟ್ಟರೆ? ಸರಾಸರಿ ಅಷ್ಟೇ. ಇಷ್ಟು ಚಿಕ್ಕ ಪಲ್ಸ್‌ಗಳಲ್ಲಿ ಬಿಸಿ ಹೆಚ್ಚುಕಡಿಮೆ ಸಮಯದ ವರ್ಗಮೂಲದಂತೆ ಏರುತ್ತದೆ, ಆದ್ದರಿಂದ 0.3 ಇದ್ದದ್ದು ಸುಮಾರು 0.21 ಆಗುತ್ತದೆ. ಜಂಕ್ಷನ್ 135ರ ಆಸುಪಾಸು ನಿಲ್ಲುತ್ತದೆ. ಸರ್ಕ್ಯೂಟ್ ಒಪ್ಪುವುದಾದರೆ ನಾನು ಇದನ್ನೇ ಮಾಡುತ್ತೇನೆ, ಜೊತೆಗೆ ಹೀಟ್‌ಸಿಂಕ್ ದೊಡ್ಡದು ಹಾಕುತ್ತೇನೆ.

ಇಷ್ಟಕ್ಕೇ ಮುಗಿಯಲಿಲ್ಲ. ಸೇಫ್ ಆಪರೇಟಿಂಗ್ ಏರಿಯಾ ಗ್ರಾಫ್ (ಯಾವ ವೋಲ್ಟೇಜ್‌ಗೆ ಎಷ್ಟು ಕರೆಂಟ್ ಎಷ್ಟು ಹೊತ್ತು ತಡೆಯುತ್ತದೆ ಅಂತ ತೋರಿಸುವುದು) ಕೂಡ ನೋಡಲೇಬೇಕು. ಅದು ಸಾಮಾನ್ಯವಾಗಿ ಒಂಟಿ ಪಲ್ಸ್‌ಗೆ, 25 ಡಿಗ್ರಿ ಕೇಸ್‌ಗೆ ಬರೆದದ್ದು. ಕೇಸ್ 80 ಆದರೆ ಮಿತಿಗೆ ಉಳಿಯುವುದು 150 − 80 = 70 ಡಿಗ್ರಿ, 25 ಆದರೆ 150 − 25 = 125. 70 ಭಾಗಿಸು 125, ಅಂದರೆ ಗ್ರಾಫ್ ತೋರಿಸುವ ಪವರ್‌ನ 56 ಪರ್ಸೆಂಟ್ ಮಾತ್ರ ನಿಮ್ಮದು. ನಿಮ್ಮ ಮಾಸ್‌ಫೆಟ್ ಪಲ್ಸ್ ಪೂರ್ತಿ ಅರೆಬರೆ ತೆರೆದೇ ಇರುತ್ತದೆ, ಚಿಂತೆ ಅಲ್ಲೇ. ಬಿಸಿಯಾದ ಜಾಗದಲ್ಲಿ ಥ್ರೆಶೋಲ್ಡ್ ವೋಲ್ಟೇಜ್ (ಮಾಸ್‌ಫೆಟ್ ತೆರೆಯಲು ಬೇಕಾದ ಗೇಟ್ ವೋಲ್ಟೇಜ್) ಇಳಿಯುತ್ತದೆ, ಅಲ್ಲಿಗೇ ಕರೆಂಟ್ ಜಾಸ್ತಿ ನುಗ್ಗುತ್ತದೆ, ಅದು ಇನ್ನೂ ಬಿಸಿಯಾಗುತ್ತದೆ. ಚಿಪ್ ಪೂರ್ತಿ ಒಂದೇ ಬಿಸಿ ಅಂತ ಹಾಕಿದ ಮೇಲಿನ ಲೆಕ್ಕಕ್ಕೆ ಇದು ಕಾಣಿಸುವುದೇ ಇಲ್ಲ. ಸ್ವಿಚಿಂಗ್‌ಗೆಂದೇ ಮಾಡಿದ ಟ್ರೆಂಚ್ ಮಾಸ್‌ಫೆಟ್‌ಗಳಲ್ಲಿ ಈ ಕಾಟ ಜಾಸ್ತಿ. ಗ್ರಾಫ್‌ನಲ್ಲಿ ಡಿಸಿ ಗೆರೆಯೇ (ನಿರಂತರ ಪವರ್‌ನ ಗೆರೆ) ಇಲ್ಲದಿದ್ದರೆ ಈ ಕೆಲಸಕ್ಕೆ ನಾನು ಆ ಮಾಸ್‌ಫೆಟ್ ಮುಟ್ಟುವುದಿಲ್ಲ. ಮಾಸ್‌ಫೆಟ್ ಬದಲು ಬೈಪೋಲಾರ್ ಟ್ರಾನ್ಸಿಸ್ಟರ್ ಆದರೆ ಹೆಚ್ಚು ವೋಲ್ಟೇಜ್‌ನಲ್ಲಿ ಸೆಕೆಂಡ್ ಬ್ರೇಕ್‌ಡೌನ್ (ಕರೆಂಟ್ ಒಂದೇ ಕಡೆ ನುಗ್ಗಿ ಚಿಪ್ ಸುಡುವುದು) ಗೆರೆ ನೋಡಿ.

ಇನ್ನೊಂದು ಮಾತು. ಸೆಕೆಂಡಿಗೆ 50 ಅಂದರೆ ದಿನಕ್ಕೆ 43 ಲಕ್ಷ ಪಲ್ಸ್. ಪ್ರತಿ ಸಲವೂ ಚಿಪ್ ಹಿಗ್ಗಿ ಕುಗ್ಗುತ್ತದೆ, ಬಾಂಡ್ ವೈರ್ ಮತ್ತು ಬೆಸುಗೆ ನಿಧಾನವಾಗಿ ದಣಿಯುತ್ತವೆ. ಮಿತಿಯ ಒಳಗಿದ್ದರೂ ಏರಿಳಿತ ಕಡಿಮೆ ಇದ್ದಷ್ಟು ಒಳ್ಳೆಯದು.

ಸದ್ಯಕ್ಕೆ ಆಸಿಲೋಸ್ಕೋಪ್‌ನಲ್ಲಿ ಡ್ರೈನ್-ಸೋರ್ಸ್ ವೋಲ್ಟೇಜ್ ಮತ್ತು ಕರೆಂಟ್ ಒಟ್ಟಿಗೆ ಹಿಡಿಯಿರಿ. ಕೇಸ್ ಬಿಸಿಯನ್ನು ಲೋಹದ ಟ್ಯಾಬ್ ಮೇಲೆ, ಚಿಪ್‌ಗೆ ಹತ್ತಿರದಲ್ಲಿ ಅಳೆಯಿರಿ, ಹೀಟ್‌ಸಿಂಕ್‌ನ ಅಂಚಿನಲ್ಲಲ್ಲ. ಅಂಕಿ ಇಲ್ಲಿ ಹಾಕಿ, ಲೆಕ್ಕ ಮತ್ತೆ ನೋಡೋಣ.