ಮಾತು ನಿಂತರೂ ಹಾಡು ಉಳಿಯುವುದೇಕೆ?

ಪ್ರಶ್ನೆ: ಪಾರ್ಶ್ವವಾಯುವಾದ ಮೇಲೆ ನಮ್ಮ ಅಜ್ಜಿಗೆ ಮಾತು ಹೊರಡುವುದಿಲ್ಲ, ಆದರೆ ಮದುವೆಮನೆಯ ಹಸೆ ಹಾಡುಗಳನ್ನು ಪದ ತಪ್ಪದೆ ಹಾಡುತ್ತಾರೆ. ಮಿದುಳಿನಲ್ಲಿ ಮಾತು, ನೆನಪುಗಳಿಗೆ ಬೇರೆಬೇರೆ ಜಾಗಗಳಿವೆಯೇ? ಸಾಂಖ್ಯರು ಹೇಳುವ ಮನಸ್ಸು, ಬುದ್ಧಿ, ಅಹಂಕಾರಗಳನ್ನೂ ಅಲ್ಲಿ ಗುರುತಿಸಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ನೋಡೋಣ. ಸಾಂಖ್ಯರ ವಿಂಗಡಣೆ ಕೆಲಸವನ್ನು ನೋಡಿ ಮಾಡಿದ್ದು: ಮನಸ್ಸು ಸಂಕಲ್ಪಿಸುತ್ತದೆ, ಬುದ್ಧಿ ನಿಶ್ಚಯಿಸುತ್ತದೆ, ಅಹಂಕಾರ ಎಲ್ಲವನ್ನೂ ‘ನನ್ನದು’ ಎಂದುಕೊಳ್ಳುತ್ತದೆ. ಇವಕ್ಕೆ ತಲೆಯೊಳಗೆ ಒಂದೊಂದು ನೆಲೆ ಹುಡುಕುವುದು ಆ ದರ್ಶನಕ್ಕೂ ನ್ಯಾಯವಲ್ಲ, ನರವಿಜ್ಞಾನಕ್ಕೂ ಅಲ್ಲ. 19ನೆಯ ಶತಮಾನದ ಆರಂಭದಲ್ಲಿ ಗಾಲ್ ಎಂಬ ವೈದ್ಯ 27 ಮಾನಸಿಕ ಶಕ್ತಿಗಳನ್ನು ಪಟ್ಟಿ ಮಾಡಿ, ತಲೆಬುರುಡೆಯ ಉಬ್ಬುಗಳನ್ನು ಮುಟ್ಟಿ ಅವುಗಳನ್ನು ಅಳೆಯಬಹುದೆಂದು ಸಾರಿದ್ದು ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ನಿಜವಾದ ಗಡಿರೇಖೆಗಳು ತಿಳಿದುಬಂದದ್ದು ಮಿದುಳಿಗೆ ಪೆಟ್ಟಾದವರಿಂದ. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ, ಹೇಳಿದ್ದು ಬಹುಮಟ್ಟಿಗೆ ಅರ್ಥವಾಗುತ್ತಿದ್ದರೂ ‘ತಾನ್’ ಎಂಬ ಉಲಿಯನ್ನಷ್ಟೇ ಮತ್ತೆಮತ್ತೆ ಆಡುತ್ತಿದ್ದ ರೋಗಿಯೊಬ್ಬನ ಮಿದುಳಿನ ಎಡಮುಂಭಾಗದಲ್ಲಿ ಹಾನಿಯನ್ನು ಕಂಡರು. 1874ರಲ್ಲಿ ವೆರ್ನಿಕೆ ಎಂಬ ವೈದ್ಯ ವಿವರಿಸಿದ ರೋಗಿಗಳ ಸ್ಥಿತಿ ಇದಕ್ಕೆ ತದ್ವಿರುದ್ಧ: ಮಾತು ಸರಾಗ, ಗ್ರಹಿಕೆ ಕುಂದಿತ್ತು. ಒಬ್ಬರಲ್ಲಿ ಒಂದು ಶಕ್ತಿ ಅಳಿದು ಇನ್ನೊಂದು ಉಳಿದು, ಮತ್ತೊಬ್ಬರಲ್ಲಿ ಅದೇ ತಿರುವುಮುರುವಾದರೆ, ಆ ಎರಡನ್ನು ಬೇರೆಯೆಂದು ಎಣಿಸಲು ಗಟ್ಟಿಯಾದ ಆಧಾರ ಸಿಗುತ್ತದೆ.

ಕೆಲವೊಮ್ಮೆ ತತ್ತ್ವಜ್ಞಾನಿಗಳ ಗೆರೆಯೂ ಇಲ್ಲಿಗೆ ಬಂದು ಕೂಡುತ್ತದೆ, ಮತ್ತು ಅದು ನನಗೆ ಬಹಳ ಸಂತೋಷ ಕೊಡುವ ಸಂಗತಿ. ಸಂಗತಿಯನ್ನು ಅರಿಯುವುದೂ ಕೆಲಸವನ್ನು ಮಾಡಬಲ್ಲವರಾಗುವುದೂ ಬೇರೆ ಎಂದು ಗಿಲ್ಬರ್ಟ್ ರೈಲ್ 1949ರಲ್ಲಿ ವಾದಿಸಿದ್ದರು. 1953ರಲ್ಲಿ ಅಪಸ್ಮಾರದ ಶಸ್ತ್ರಚಿಕಿತ್ಸೆಗೊಳಗಾಗಿ, ಹೊಸ ಘಟನೆಗಳನ್ನು ನೆನಪಿಡುವ ಶಕ್ತಿಯನ್ನು ಕಳೆದುಕೊಂಡ ‘ಎಚ್.ಎಂ.’ ಎಂಬ ರೋಗಿ, ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಅಂಚನ್ನು ಗೆರೆ ಎಳೆಯುವುದರಲ್ಲಿ ದಿನದಿಂದ ದಿನಕ್ಕೆ ಪಳಗಿದರು. ಹಿಂದೆ ಅದನ್ನು ಮಾಡಿದ್ದು ಮಾತ್ರ ಅವರಿಗೆ ನೆನಪಿರಲಿಲ್ಲ. ಹಾಗೆಂದು ಒಂದು ಹೆಸರಿಗೆ ಒಂದೇ ಜಾಗವೆಂದು ತಿಳಿಯಬಾರದು: ಭಯದ ಕೇಂದ್ರವೆಂದು ಪ್ರಸಿದ್ಧವಾದ, ಮಿದುಳಿನ ಅಮಿಗ್ಡಲಾ ಎಂಬ ಭಾಗ ಹಿತವಾದ ಅನುಭವಗಳಿಗೂ ಸ್ಪಂದಿಸುತ್ತದೆ.

ಇನ್ನು ನಿಮ್ಮ ಅಜ್ಜಿಯವರ ವಿಷಯ. ಹೊಸ ವಾಕ್ಯ ಕಟ್ಟಲು ಹೆಚ್ಚಿನವರಲ್ಲಿ ಎಡ ಮಿದುಳು ಮುಖ್ಯ. ರಾಗದ ಜೊತೆ ಎಂದೋ ಬಾಯಿಪಾಠವಾದ ಪದಗಳಿಗೆ ಬಲ ಮಿದುಳಿನ ಆಸರೆಯೂ ಇರುತ್ತದೆ. 1973ರಿಂದ ಬಳಕೆಯಲ್ಲಿರುವ ಒಂದು ಚಿಕಿತ್ಸೆಯಲ್ಲಿ ‘ನೀರು ಬೇಕು’ ಎಂಬಂಥ ಚಿಕ್ಕ ಮಾತುಗಳನ್ನು ರಾಗವಾಗಿ, ಎಡಗೈಯಲ್ಲಿ ತಾಳ ಹಾಕುತ್ತ ಹೇಳಿಸುತ್ತಾರೆ. ಅಜ್ಜಿಯವರು ಯಾವ ಯಾವ ಹಾಡುಗಳನ್ನು ಹಾಡುತ್ತಾರೆಂಬುದನ್ನು ಬರೆದಿಟ್ಟು, ಮಾತಿನ ಚಿಕಿತ್ಸಕರಿಗೆ ತಪ್ಪದೆ ತಿಳಿಸಿ.