ಮೆದೆ ಕಾಯುತ್ತೆ, ಮಾವಿನ ಹೂವು ಕಾಯಲ್ಲ

ಪ್ರಶ್ನೆ: ನನಗೆ 41 ವರ್ಷ, ಬೆಂಗಳೂರಿನ ವಿಜಯನಗರದಲ್ಲಿದ್ದೇನೆ, ಬ್ಯಾಂಕ್ ಕೆಲಸ. ಅಪ್ಪ ಹೋಗಿ ಎರಡು ವರ್ಷ. ಮಾಗಡಿ ಕಡೆ ಎರಡು ಎಕರೆ ಹೊಲ, ಹನ್ನೆರಡು ಮಾವಿನ ಮರ, ಒಂದು ಹಸು. ನೋಡಿಕೊಳ್ಳೋದು ಅಮ್ಮ ಒಬ್ಬರೇ. ಸಂಕ್ರಾಂತಿಯಿಂದ ಶಿವರಾತ್ರಿವರೆಗೆ ಪ್ರತಿ ಶನಿವಾರ ಬೆಳಗ್ಗೆ ಐದಕ್ಕೇ ಹೊರಟು, ಒಕ್ಕಣೆ, ಗೊಬ್ಬರ, ಹುಣಸೆ ಅಂತ ಸೊಂಟ ಮುರಿದುಕೊಂಡು ಬರುತ್ತೇನೆ. ಮಗನಿಗೆ ಈ ಸಲ ಎಸ್ಸೆಸ್ಸೆಲ್ಸಿ. ತಮ್ಮ ವೈಟ್‌ಫೀಲ್ಡ್‌ನಲ್ಲಿದ್ದಾನೆ, ಹಬ್ಬಕ್ಕೆ ಬಂದು ಹಸುವಿನ ಜೊತೆ ಫೋಟೊ ತೆಗೆಸಿಕೊಂಡು ಹೋಗುತ್ತಾನೆ. ‘ರಾಗಿ ತೆನೆ ಒಟ್ಟಿದ ಮೆದೆ ಹಾಗೇ ಇದೆ, ನೀನು ಬಂದ ಮೇಲೆ ಇಳಿಸೋಣ’ ಅಂತ ಅಮ್ಮ ಬುಧವಾರವೇ ಫೋನ್ ಮಾಡುತ್ತಾರೆ. ಹೊಲ ಗುತ್ತಿಗೆಗೆ ಕೊಟ್ಟುಬಿಡು ಅನ್ನಲೇ?

ಉತ್ತರ: ಗುತ್ತಿಗೆ ಮಾತು ಸದ್ಯಕ್ಕೆ ಬೇಡ. 1974ರ ಭೂ ಸುಧಾರಣಾ ತಿದ್ದುಪಡಿ ಆದಮೇಲೆ ನಮ್ಮ ರಾಜ್ಯದಲ್ಲಿ ಸಾಗುವಳಿ ಜಮೀನನ್ನು ಗೇಣಿಗೆ ಕೊಡಲು ಸಾಮಾನ್ಯವಾಗಿ ಕಾನೂನಿನ ಒಪ್ಪಿಗೆಯಿಲ್ಲ. ಊರಲ್ಲಿ ಬೆಳೆ ಹಂಚಿಕೊಳ್ಳುವ ಬಾಯಿಮಾತಿನ ವಾರ, ಕೋರು ನಡೆಯುತ್ತವೆ, ನಿಜ. ನಾಳೆ ತಕರಾರು ಎದ್ದರೆ ಅಮ್ಮನ ಕೈಯಲ್ಲಿ ಒಂದು ಚೀಟಿಯೂ ಇರಲ್ಲ.

ಮೊದಲು ಆ ಐದು ಗಂಟೆಯ ಅಲಾರಂ ತೆಗೆದುಹಾಕಿ. ಮಾಗಿಯ ಇಬ್ಬನಿ ಬಿದ್ದ ರಾಗಿ ತೆನೆ ಮೆತ್ತಗಿರುತ್ತೆ, ಉದುರಲ್ಲ. ಬಿಸಿಲೇರಿ ಹುಲ್ಲು ಕೈಗೆ ಗರಗರ ಅನ್ನೋವರೆಗೂ ಕಣಕ್ಕಿಳಿದು ಉಪಯೋಗವಿಲ್ಲ. ಮಗನ ಜೊತೆ ಕೂತು ತಿಂಡಿ ತಿಂದೇ ಹೊರಡಬಹುದು. ಸರಿಯಾಗಿ ಒಟ್ಟಿದ ಮೆದೆ ವಾರಗಟ್ಟಲೆ ಕಾಯುತ್ತೆ, ಮಳೆ ಹನಿ ಒಳಗಿಳಿಯದಿದ್ದರೆ ಸಾಕು. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟ ಜನ ನಮ್ಮವರು. ಹುಣಸೆಯೂ ಅಷ್ಟೇ, ಮುಂಗಾರಿಗೆ ಮೊದಲು ಬಡಿದು ಕುಟ್ಟಿದರಾಯಿತು.

ಕಾಯದೇ ಇರೋದು ಮಾವು. ಈಗ ಹೂಗೊಂಚಲು ಹೊರಟಿರುತ್ತೆ. ಜಿಗಿಹುಳು, ಬೂದಿ ರೋಗ ಎರಡೂ ಇದೇ ಹೊತ್ತಿಗೆ ಬರೋದು. ಬೂದಿ ಕಂಡರೆ ನೀರಿನಲ್ಲಿ ಬೆರೆಯುವ ಗಂಧಕ, ಲೀಟರಿಗೆ 3 ಗ್ರಾಂ. ಜಿಗಿಹುಳುವಿನ ಔಷಧಿಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಹೂ ಪೂರ್ತಿ ಅರಳಿದ ಮೇಲೆ ಮಾತ್ರ ಹೊಡೆಯಬೇಡಿ, ಜೇನುನೊಣ ಸತ್ತರೆ ಕಾಯಿ ಕಚ್ಚೋದು ಹೇಗೆ?

ಇದನ್ನು ತಮ್ಮನ ತಲೆಗೆ ಕಟ್ಟಿ. ‘ನೀನೂ ಸ್ವಲ್ಪ ನೋಡ್ಕೋ’ ಅಂದರೆ ಯಾವ ತಮ್ಮನೂ ನೋಡಲ್ಲ (ನನಗೂ ಇಬ್ಬರಿದ್ದಾರೆ). ‘ಈ ಭಾನುವಾರ ಮಾವಿಗೆ ಔಷಧಿ, ಮುಂದಿನ ಭಾನುವಾರ ಒಕ್ಕಣೆ, ಮಷೀನಿನ ಬಾಡಿಗೆ ನಿನ್ನದು, ನೀನೇ ನಿಂತು ಮಾಡಿಸು’ ಅಂತ ದಿನ ಗೊತ್ತುಮಾಡಿ ಹೇಳಿ. ಕಣವಿಲ್ಲ ಅಂತ ತೆನೆಯನ್ನು ಟಾರು ರಸ್ತೆಗೆ ಹರಡಿಸಿಯಾನು, ಬಿಡಬೇಡಿ. ಹುಲ್ಲಿನ ಮೇಲೆ ಬೈಕುಗಳು ಜಾರುತ್ತವೆ.

ಇನ್ನು ಬುಧವಾರದ ಆ ಫೋನು. ಮೆದೆ ಕಾಯುತ್ತೆ ಅನ್ನೋದು ನನಗಿಂತ ನಿಮ್ಮ ಅಮ್ಮನಿಗೆ ಚೆನ್ನಾಗಿ ಗೊತ್ತು. ಮನಸ್ಸು ಮಾಡಿದ್ದರೆ ಅಕ್ಕಪಕ್ಕದ ನಾಲ್ಕು ಆಳು ಕರೆದು ಸಂಕ್ರಾಂತಿಗೆ ಮುಂಚೆಯೇ ಒಕ್ಕಿಸಿಬಿಡುತ್ತಿದ್ದರು. ‘ಬಾ ಮಗಳೇ, ಒಬ್ಬಳೇ ಇದ್ದೀನಿ’ ಅನ್ನಲು ಬಾಯಿ ಬಾರದವರು ಮೆದೆಯ ನೆಪ ಹೇಳುತ್ತಿದ್ದಾರೆ ಅಂತ ನನಗನ್ನಿಸುತ್ತೆ. ಹಾಗಿದ್ದರೆ ಹೊಲವನ್ನು ಯಾರಿಗೆ ವಹಿಸಿದರೂ ಫೋನು ನಿಲ್ಲಲ್ಲ.

ಪರೀಕ್ಷೆ ಮುಗಿಯೋವರೆಗೆ ವಾರ ಬಿಟ್ಟು ವಾರ ಹೋಗಿ, ಬುಧವಾರ ನೀವೇ ಫೋನ್ ಮಾಡಿ. ಈ ಶನಿವಾರ ಮೆದೆಯ ತಂಟೆಗೆ ಹೋಗಬೇಡಿ. ಸೊಗಡವರೆ ಇನ್ನೂ ಒಂದಿಷ್ಟು ಉಳಿದಿದ್ದರೆ ಕಾಳು ಬಿಡಿಸಿ ನೆನೆಹಾಕಿ, ಜಗಲಿ ಮೇಲೆ ಇಬ್ಬರೂ ಕೂತು ಹಿದುಕಿ.