ಇನ್ನೂ ಬಾರದ ಫೈಲಿಗೆ ಎಷ್ಟು ದುಡ್ಡು ಎತ್ತಿಡಬೇಕು?

ಮೇಡಂ, ನಮ್ಮ ಅಣ್ಣನ ಮಗ ಬೆಂಗಳೂರಿನಲ್ಲಿ ಜನರಲ್ ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಇದ್ದಾನೆ. ಏನಪ್ಪಾ ಕೆಲಸ ಅಂದರೆ ‘ರಿಸರ್ವಿಂಗ್’ ಅಂತಾನೆ. ಇನ್ನೂ ಬಾರದ ಕ್ಲೇಮಿಗೆ ಈಗಲೇ ದುಡ್ಡು ಎತ್ತಿಡೋದಂತೆ. ಬಾರದೇ ಇರೋದು ಎಷ್ಟು ಅಂತ ಹೇಗೆ ಗೊತ್ತಾಗತ್ತೆ? ಲಾಭ ಕಮ್ಮಿ ತೋರಿಸೋಕೆ ಇದೊಂದು ದಾರಿ ಅಲ್ವಾ?
— ಹಾಸನದ ಓದುಗರು

ನಿಮ್ಮ ಅನುಮಾನ ತಪ್ಪಲ್ಲ. ಬೇಕೆಂದೇ ಜಾಸ್ತಿ ಎತ್ತಿಟ್ಟರೆ ಲಾಭ ಮುಚ್ಚಿಟ್ಟ ಹಾಗೇ ಆಗುತ್ತದೆ. ಆದರೆ ನಾನು ಈ ಕೆಲಸದಲ್ಲಿ ಕಂಡ ದೊಡ್ಡ ಅಪಾಯ ಅದಲ್ಲ, ಕಮ್ಮಿ ಎತ್ತಿಡುವುದು.

ಡಿಸೆಂಬರ್ ಕೊನೆಯ ವಾರ ಶಿರಾ ಹತ್ತಿರ ಹೈವೇಯಲ್ಲಿ ಲಾರಿಯೊಂದು ಬೈಕಿಗೆ ಗುದ್ದಿ, ಬೈಕಿನಲ್ಲಿದ್ದವರು ತೀರಿಕೊಂಡರು ಅಂದುಕೊಳ್ಳಿ. ಎಫ್‌ಐಆರ್ ಆಯಿತು, ಮಹಜರು ಆಯಿತು. ಮನೆಯವರು ತಿಥಿ ಮುಗಿಸಿ, ಸಾಲ ಕೊಟ್ಟವರಿಗೆ ಸಮಾಧಾನ ಹೇಳಿ, ಯಾರೋ ದಾರಿ ತೋರಿಸಿದ ಮೇಲೆ ವಕೀಲರನ್ನು ಹಿಡಿದು ಎಂವಿಸಿ ಕೇಸು, ಅಂದರೆ ವಾಹನ ಅಪಘಾತಕ್ಕೆ ಪರಿಹಾರ ಕೇಳುವ ಕೇಸು ಹಾಕುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ಆಮೇಲೆ ಸಾಕ್ಷಿ, ವಾಯಿದೆ, ಇಷ್ಟು ಪರಿಹಾರ ಕೊಡಿ ಅನ್ನುವ ಅವಾರ್ಡು. ಅದರ ಮೇಲೆ ಹೈಕೋರ್ಟಿನಲ್ಲಿ ಅಪೀಲು. ಕೊನೆಯ ರೂಪಾಯಿ ಆ ಮನೆ ಸೇರಲು ಎಷ್ಟೋ ವರ್ಷ ಬೇಕು. ಲಾರಿಯ ಒಂದು ವರ್ಷದ ಪ್ರೀಮಿಯಂ ಮಾತ್ರ ಕಂಪನಿ ಯಾವತ್ತೋ ತಗೊಂಡಾಗಿದೆ.

ಈಗ ಮಾರ್ಚ್ 31 ಬಂತು, ಲೆಕ್ಕ ಮುಗಿಸಬೇಕು. ಆ ಅಪಘಾತದ ಫೈಲು ಕಂಪನಿಯಲ್ಲಿ ಇನ್ನೂ ತೆರೆದೇ ಇಲ್ಲ. ಹಾಗಂತ ಆ ಪ್ರೀಮಿಯಂ ಲಾಭ ಅಲ್ಲ. ತೀರಿಕೊಂಡವರ ಮನೆಯವರ ಪಾಲು ಅದರೊಳಗಿದೆ. ಆಗಿಹೋಗಿರುವ, ಆದರೆ ನಮಗಿನ್ನೂ ತಿಳಿಯದಿರುವ ಇಂಥ ಕ್ಲೇಮುಗಳಿಗೆ ಎತ್ತಿಡುವುದನ್ನು ನಾವು ಐಬಿಎನ್‌ಆರ್ ಅನ್ನುತ್ತೇವೆ. ಪ್ರತಿ ಕಂಪನಿಯಲ್ಲೂ ಅಪಾಯಿಂಟೆಡ್ ಆಕ್ಚುಯರಿ ಅಂತ, ವಿಮೆಯ ಲೆಕ್ಕದಲ್ಲಿ ಪಳಗಿದ ಒಬ್ಬರಿದ್ದು ಆ ಮೊತ್ತಕ್ಕೆ ಸಹಿ ಹಾಕಬೇಕು. ನಿಮ್ಮ ಅಣ್ಣನ ಮಗ ಮಾಡುವುದು ಆ ಸಹಿಗೆ ಬೇಕಾದ ಲೆಕ್ಕ.

ಲೆಕ್ಕ ಹೇಗೆ ಅಂದರೆ, ಒಂದು ಪಟ್ಟಿ ಹಾಕಿ. ಅಪಘಾತ ಆದ ವರ್ಷ ಎಡಗಡೆ, ಅದು ಕಳೆದು ಎಷ್ಟು ವರ್ಷ ಆಯಿತು ಅನ್ನುವುದು ಮೇಲೆ. ಸುಮ್ನೆ ಉದಾಹರಣೆಗೆ, 2021ರ ಅಪಘಾತಗಳಿಗೆ ಮೊದಲ ವರ್ಷದ ಕೊನೆಗೆ 10 ಕೋಟಿ ಕೊಟ್ಟಿದ್ದೆವು, ಎರಡನೆಯದರ ಕೊನೆಗೆ ಒಟ್ಟು 25, ಮೂರಕ್ಕೆ 40, ಅಲ್ಲಿಗೆ ಮುಗಿಯಿತು. 2022ರದ್ದು 12, ಆಮೇಲೆ 30. 2023ರದ್ದು ಈಗಷ್ಟೇ 14. ಮೊದಲ ವರ್ಷದಿಂದ ಎರಡಕ್ಕೆ, 2021 ಮತ್ತು 2022 ಸೇರಿಸಿದರೆ, 22 ಕೋಟಿ 55 ಆಗಿದೆ, ಅಂದರೆ ಎರಡೂವರೆ ಪಟ್ಟು. ಎರಡರಿಂದ ಮೂರಕ್ಕೆ 1.6 ಪಟ್ಟು. ಹಾಗಾದರೆ 2023ರ 14 ಕೊನೆಗೆ 56 ಆಗುತ್ತದೆ, 2022ರ 30 ಹೋಗಿ 48ಕ್ಕೆ ನಿಲ್ಲುತ್ತದೆ. ಇನ್ನೂ ಕೊಡಬೇಕಾದ್ದು 42ಕ್ಕೆ 18 ಸೇರಿ 60 ಕೋಟಿ. ಅಷ್ಟೇ. ಚೈನ್ ಲ್ಯಾಡರ್ ಅನ್ನುವ ದೊಡ್ಡ ಹೆಸರಿನ ಹಿಂದೆ ಇರುವುದು ಇದೇ ಗುಣಾಕಾರ. ಅಂಕಿ ಬರೆದರೆ ತ್ರಿಕೋನದ ಆಕಾರ ಬರುತ್ತದೆ, ಅದಕ್ಕೇ ಅದನ್ನು ಟ್ರಯಾಂಗಲ್ ಅನ್ನುತ್ತಾರೆ.

ಕಮ್ಮಿ ಎತ್ತಿಟ್ಟರೆ ಏನಾಗುತ್ತದೆ ಅನ್ನುವುದನ್ನು ನಮ್ಮ ದೇಶವೇ ನೋಡಿದೆ. ಲಾರಿ, ಬಸ್ಸುಗಳ ಥರ್ಡ್ ಪಾರ್ಟಿ ವಿಮೆಯನ್ನು ಎಲ್ಲ ಕಂಪನಿಗಳೂ ಹಂಚಿಕೊಳ್ಳಲಿ ಅಂತ 2007ರ ಏಪ್ರಿಲ್ 1ರಿಂದ ಒಂದು ಪೂಲ್ ಮಾಡಿದ್ದರು. 2011ರ ಮಾರ್ಚಿನಲ್ಲಿ, ವರ್ಷದ ಲೆಕ್ಕ ಮುಗಿಸಲು ಕೆಲವೇ ದಿನ ಇದ್ದಾಗ, ಹಿಂದಿನ ವರ್ಷಗಳನ್ನೂ ಸೇರಿಸಿ 100 ರೂಪಾಯಿ ಪ್ರೀಮಿಯಂಗೆ 153 ರೂಪಾಯಿ ಕ್ಲೇಮು ಅಂತ ಲೆಕ್ಕ ಹಿಡಿದು ಎತ್ತಿಡಿ ಎಂದು ವಿಮೆ ಕಂಪನಿಗಳ ಮೇಲೆ ಕಣ್ಣಿಡುವ ಐಆರ್‌ಡಿಎ ಆದೇಶ ಮಾಡಿತು. ಎಷ್ಟೋ ಕಂಪನಿಗಳ ಆ ವರ್ಷದ ಲಾಭ ಅಲ್ಲೇ ಹೋಯಿತು. 2012ರ ಮಾರ್ಚ್ 31ಕ್ಕೆ ಪೂಲನ್ನೇ ಮುಚ್ಚಿದರು.

ನಾನು ಡೇಟಾ ಸೈನ್ಸ್ ಕೆಲಸದಲ್ಲಿದ್ದೇನೆ. ಇಷ್ಟೆಲ್ಲ ಕಂಪ್ಯೂಟರ್ ಬಂದ ಮೇಲೂ ನೀವು ಆರು ಅಂಕಿಯ ತ್ರಿಕೋನ ಇಟ್ಟುಕೊಂಡು ಗುಣಿಸುತ್ತಾ ಕೂತಿದ್ದೀರಾ? ಒಂದೊಂದು ಕ್ಲೇಮನ್ನೂ ಮಾಡೆಲ್‌ಗೆ ಕೊಟ್ಟರೆ ಅದೇ ಹೇಳಲ್ವಾ?
— ಹುಬ್ಬಳ್ಳಿಯ ಓದುಗರು

ಕೊಡುತ್ತೇವೆ. ಚೈನ್ ಲ್ಯಾಡರ್ ಎಡವುವ ಕಡೆ ಮಾಡೆಲ್ ನಿಜಕ್ಕೂ ಬೇಕು. ಮೇಲಿನ ಉದಾಹರಣೆಯನ್ನೇ ತಗೊಳ್ಳಿ. 2023ರಲ್ಲಿ ಲೋಕ ಅದಾಲತ್‌ನಲ್ಲಿ ಜಾಸ್ತಿ ಕೇಸು ರಾಜಿಯಾಗಿ 14ರ ಬದಲು 20 ಕೋಟಿ ಬೇಗನೆ ಕೊಟ್ಟೆವು ಅನ್ನಿ. ತ್ರಿಕೋನ ಅದನ್ನು 80 ಕೋಟಿ ಅಂತ ಓದುತ್ತದೆ. ಅಪಘಾತ ಒಂದೂ ಜಾಸ್ತಿ ಆಗಿಲ್ಲ, ಆದರೂ 24 ಕೋಟಿ ಏರಿತು! 2020ರ ಲಾಕ್‌ಡೌನ್‌ನಲ್ಲಿ ಇದೇ ತಿರುಗುಮುರುಗಾಯಿತು. ಕೋರ್ಟು ಬಾಗಿಲು ಹಾಕಿತ್ತು, ದುಡ್ಡು ಹೊರಗೆ ಹೋಗಲಿಲ್ಲ, ತ್ರಿಕೋನಕ್ಕೆ ಎಲ್ಲ ಹಗುರಾಗಿ ಕಂಡಿತು. ಹೊಸ ವರ್ಷದ ಅಂಕಿ ಎಳಸಾಗಿದ್ದಾಗ ಅದನ್ನೇ ಪೂರ್ತಿ ನಂಬದೆ, ಮೊದಲೇ ಅಂದುಕೊಂಡ ಕ್ಲೇಮಿನ ಪ್ರಮಾಣವನ್ನೂ ಸೇರಿಸಿಕೊಳ್ಳುವ ಬಾರ್ನ್‌ಹ್ಯೂಟರ್-ಫರ್ಗ್ಯುಸನ್ ವಿಧಾನ 1972ರಿಂದಲೇ ಇದೆ. ನಮ್ಮ ಅಂದಾಜು ಎಷ್ಟು ಆಚೀಚೆ ಹೋಗಬಹುದು ಅನ್ನುವುದಕ್ಕೆ ಥಾಮಸ್ ಮ್ಯಾಕ್ 1993ರಲ್ಲಿ ಸೂತ್ರ ಕೊಟ್ಟರು. ಇವು ಹಳೆಯವು, ಆದರೆ ಹಳಸಿದವಲ್ಲ.

ಆದರೆ ಮಾಡೆಲ್ ಓದುವುದೂ ಹಿಂದಿನದನ್ನೇ. 2017ರ ಅಕ್ಟೋಬರ್ 31ಕ್ಕೆ ಅಪಘಾತ ಪರಿಹಾರದ ಪ್ರಣಯ್ ಸೇಥಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಸ್ವಂತ ದುಡಿಮೆಯವರು 40 ವರ್ಷದೊಳಗೆ ತೀರಿಕೊಂಡರೆ, ಮುಂದೆ ಏರಬಹುದಾಗಿದ್ದ ಆದಾಯ ಅಂತ 40 ಪರ್ಸೆಂಟ್ ಸೇರಿಸಬೇಕು ಅಂದಿತು. ಉದಾಹರಣೆಗೆ, 32 ವರ್ಷದ ಗ್ಯಾರೇಜ್ ಮೆಕ್ಯಾನಿಕ್, ತಿಂಗಳಿಗೆ 20,000 ದುಡಿಮೆ, ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ತಾಯಿ. ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 15,000. ಹನ್ನೆರಡು ತಿಂಗಳಿಗೆ 1,80,000. ಆ ವಯಸ್ಸಿಗೆ ಕೋರ್ಟು ಗುಣಿಸುವ ಅಂಕಿ, ಅಂದರೆ ಗುಣಕ, 16. ಒಟ್ಟು 28,80,000. ಆ 40 ಪರ್ಸೆಂಟ್ ಸೇರಿದರೆ 40,32,000. ಅದಕ್ಕೆ ಮೊದಲು ಇಂಥವರಿಗೆ ಕೆಲವು ಕಡೆ ಸೇರಿಸುತ್ತಿದ್ದರು, ಕೆಲವು ಕಡೆ ಇಲ್ಲ. ಕಪಾಟಿನಲ್ಲಿ ಕೂತಿದ್ದ ಎಷ್ಟೋ ಫೈಲುಗಳ ತೂಕ ಒಂದೇ ದಿನ ಬದಲಾಯಿತು. ಅದನ್ನು ಯಾವ ಹಳೆಯ ಡೇಟಾ ಮುಂಚೆಯೇ ಹೇಳುತ್ತದೆ? ಹಾಗೇ 2022ರ ಏಪ್ರಿಲ್ 1ರಿಂದ ಪೊಲೀಸರು 48 ಗಂಟೆಯೊಳಗೆ ನ್ಯಾಯಮಂಡಳಿಗೂ ವಿಮೆ ಕಂಪನಿಗೂ ಮೊದಲ ವರದಿ ಕಳಿಸಬೇಕು, ಪರಿಹಾರದ ಅರ್ಜಿ ಆರು ತಿಂಗಳಲ್ಲಿ ಹಾಕಬೇಕು ಅಂತ ನಿಯಮ ಬಂತು. ಕ್ಲೇಮು ತಿಳಿಯಲು ಹಿಡಿಯುವ ಸಮಯವೇ ಬೇರೆಯಾದಾಗ ಹಳೆಯ ಅಂಕಿಯಿಂದ ಕಲಿತದ್ದನ್ನು ತಿದ್ದಲೇಬೇಕು.

ನಾನು ಮೊದಲು ಇದ್ದ ಕಂಪನಿಯಲ್ಲಿ, ಯಾವ ಗಾಯದ ಕ್ಲೇಮು ದೊಡ್ಡದಾಗುತ್ತದೆ ಅಂತ ಮೊದಲ ತಿಂಗಳಲ್ಲೇ ಹೇಳುವ ಮಾಡೆಲ್ ಮಾಡಿದೆವು. ಪರೀಕ್ಷೆಯಲ್ಲಿ ಚೆನ್ನಾಗಿ ಬಂತು. ಆದರೆ ಅದು ಎಲ್ಲಕ್ಕಿಂತ ಜಾಸ್ತಿ ನೆಚ್ಚಿಕೊಂಡದ್ದು ಬ್ರಾಂಚಿನ ಕೋಡನ್ನು. ಒಂದು ಬ್ರಾಂಚಿನ ಕ್ಲೇಮುಗಳೆಲ್ಲ ಅದಕ್ಕೆ ದೊಡ್ಡವೇ. ಯಾಕೆ ಅಂತ ನನಗೆ ನಿದ್ದೆ ಬರಲಿಲ್ಲ. ಬಸ್ಸು ಹತ್ತಿ ಆ ಬ್ರಾಂಚಿಗೇ ಹೋದೆ. ಅಲ್ಲಿನ ಹಿರಿಯ ಅಧಿಕಾರಿ ಒಂದು ಫೈಲು ಬಿಚ್ಚಿದರು. ವೂಂಡ್ ಸರ್ಟಿಫಿಕೇಟ್, ವಾಹನ ತಪಾಸಣೆಯ ಐಎಂವಿ ರಿಪೋರ್ಟ್, ಕೈಬರಹದ ದೂರು. ದೂರಿನಲ್ಲಿ “ಬಲಗಾಲು ಜಜ್ಜಿಹೋಗಿ” ಅಂತ ಕನ್ನಡದಲ್ಲಿ ಸ್ಪಷ್ಟವಾಗಿ ಇತ್ತು. ನಮ್ಮ ಕಂಪ್ಯೂಟರಿನಲ್ಲಿ ಅದೇ ಗಾಯಕ್ಕೆ ‘ಇತರೆ’ ಅಂತ ಕೋಡು. ಅವರು ದೂರನ್ನು ಓದಿ, ಆಸ್ಪತ್ರೆಗೆ ಫೋನ್ ಮಾಡಿ, ಕಾಲು ಉಳಿಯಲ್ಲ ಅಂತ ತಿಳಿದ ದಿನವೇ ಆ ಫೈಲಿಗೆ ಎತ್ತಿಡುವ ಮೊತ್ತ ಏರಿಸುತ್ತಿದ್ದರು. ಬೇರೆ ಕಡೆ ಫೈಲು ತೆರೆದಾಗ ಹಾಕಿದ ಅಂಕಿ ಅವಾರ್ಡ್ ಬರುವವರೆಗೂ ಅಲ್ಲಾಡುತ್ತಿರಲಿಲ್ಲ. ಮಾಡೆಲ್ ಕಲಿತದ್ದು ಗಾಯವನ್ನಲ್ಲ, ಒಬ್ಬರು ಶ್ರದ್ಧೆಯಿಂದ ಕೆಲಸ ಮಾಡುವುದನ್ನು. ಆಮೇಲೆ ಬ್ರಾಂಚ್ ಕೋಡು ತೆಗೆದೆವು, ಗಾಯದ ಕೋಡುಗಳನ್ನು ಅವರ ಜೊತೆ ಕೂತು ಹೊಸದಾಗಿ ಬರೆದೆವು. ನೀವು ಈ ಕಡೆ ಬರುವುದಾದರೆ ಬನ್ನಿ, ನಿಮ್ಮಂಥವರು ಬೇಕು. ಆದರೆ ಮೊದಲ ವಾರ ಕೋಡ್ ಮುಟ್ಟಬೇಡಿ, ಐವತ್ತು ಫೈಲು ಓದಿ.

ಆರು ವರ್ಷದಿಂದ ಒಂದೂ ಕ್ಲೇಮು ಇಲ್ಲ. ನನ್ನ ಸಣ್ಣ ಕಾರಿನ ಥರ್ಡ್ ಪಾರ್ಟಿ ಪ್ರೀಮಿಯಂ ಯಾಕೆ ಇಳಿಯಲ್ಲ?
— ಶಿವಮೊಗ್ಗದ ಓದುಗರು

ಅದರ ದರ ನಿಮ್ಮ ಕಂಪನಿ ಹಾಕುವುದಲ್ಲ, ಕೇಂದ್ರ ಸರ್ಕಾರ ಪ್ರಕಟಿಸುವುದು. 1000 ಸಿಸಿ ಒಳಗಿನ ಕಾರಿಗೆ 2022ರ ಜೂನ್‌ನಲ್ಲಿ 2,094 ರೂಪಾಯಿ ಅಂತ ಆಯಿತು, ನೀವು ಹೇಗೇ ಓಡಿಸಿ. ನೋ ಕ್ಲೇಮ್ ಬೋನಸ್ ಸಿಗುವುದು ಕಾರಿನ ಸ್ವಂತ ಡ್ಯಾಮೇಜಿನ ಭಾಗಕ್ಕೆ ಮಾತ್ರ. 20 ಪರ್ಸೆಂಟಿನಿಂದ ಶುರುವಾಗಿ 50ರವರೆಗೆ. ಆರು ವರ್ಷ ಆಗಿದ್ದರೆ ನಿಮಗೆ 50 ಸಿಗಬೇಕು, ಪಾಲಿಸಿ ತೆಗೆದು ನೋಡಿ.

ಮಗಳು ಸೆಕೆಂಡ್ ಪಿಯುಸಿ. ಲೆಕ್ಕದಲ್ಲಿ ಚುರುಕು. ಆಕ್ಚುಯರಿ ಆಗಬೇಕು ಅಂತಾಳೆ. ಎಲ್ಲಿ ಸೇರಿಸೋದು?
— ದಾವಣಗೆರೆಯ ತಾಯಿ

ಇದಕ್ಕೆ ಕಾಲೇಜು ಅಂತ ಒಂದೇ ಇಲ್ಲ. ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾ ಪರೀಕ್ಷೆ ನಡೆಸುತ್ತದೆ. ಪಿಯುಸಿ ಪಾಸಾದ ಮೇಲೆ ಎಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬಹುದು. ಆಮೇಲೆ ಒಂದೊಂದೇ ಪೇಪರು, ಡಿಗ್ರಿ ಜೊತೆಗೇ. ನಾನು ಮೇಲೆ ಹೇಳಿದ ಕೆಲಸಕ್ಕೆ ಮುಂದೆ ಎಸ್‌ಪಿ7 ಅಂತ ಪೇಪರಿದೆ. ಪೂರ್ತಿ ಮುಗಿಸಲು ವರ್ಷಗಳು ಬೇಕು. ಫೇಲಾಗುವುದು ಇಲ್ಲಿ ತೀರಾ ಸಾಮಾನ್ಯ, ಆಗ ನೀವು ಬಯ್ಯಬೇಡಿ. ಡಿಗ್ರಿಗೆ ಸ್ಟ್ಯಾಟಿಸ್ಟಿಕ್ಸ್ ತಗೊಳ್ಳಲಿ. ರಜೆಯಲ್ಲಿ ಒಂದು ದಿನ ನಿಮ್ಮೂರಿನ ಕೋರ್ಟಿಗೆ ಕರೆದುಕೊಂಡು ಹೋಗಿ, ಎಂವಿಸಿ ಕೇಸು ನಡೆಯುವ ಹಾಲಿನಲ್ಲಿ ಹಿಂದೆ ಕೂತು ಕೇಳಲಿ. ಯಾರೂ ಬೇಡ ಅನ್ನಲ್ಲ.